ಅಟ್ಟ ಸೇರಿದ ಅಡ್ಡಣಿಗೆ

ಯಳವತ್ತಿಯ ನಮ್ಮ ಹಳೇ ಮನೆಯ ಅಟ್ಟ ತೆರವು ಮಾಡುವಾಗ ಮೂರು ಕಾಲಿನ ಮರದ ಅಡ್ಡಣಿಗೆಯೊಂದು ಸಿಕ್ಕಿತು. ಹಿತ್ತಾಳೆ ಗಂಗಾಳ ಕೂತು ಕೂತು ಅದರ ಮೂರೂ ತುದಿ ನುಣುಪಾಗಿದ್ದವು. ಮೊಮ್ಮಗಳು ಕೇಳಿದಳು: “ಅಜ್ಜಾ, ಇದೇನು ಸ್ಟೂಲೇನು?” ಆ ಪ್ರಶ್ನೆ ನನ್ನನ್ನು ಪುಸ್ತಕಗಳತ್ತ ನೂಕಿತು.

ಊಟಕ್ಕೆ ಅಣಿಮಾಡುವ ಬಗೆಯನ್ನು ವಿವರವಾಗಿ ಬರೆದಿಟ್ಟವನು ನಮ್ಮ ನೆಲದ ಅರಸನೇ. ನಮ್ಮ ಕಡೆಯ ಪುಲಿಗೆರೆ, ಅಂದರೆ ಈಗಿನ ಲಕ್ಷ್ಮೇಶ್ವರ, ಕಲ್ಯಾಣ ಚಾಲುಕ್ಯರ ಕೈಯಲ್ಲಿದ್ದ ಕಾಲ. 1129ರ ಸುಮಾರಿಗೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಅದರ ‘ಅನ್ನಭೋಗ’ ಭಾಗದಲ್ಲಿ ದೊರೆ ಮೆತ್ತೆಯ ಮೇಲೆ ಕೂಡುತ್ತಾನೆ. ಹೊಕ್ಕುಳಿನಿಂದ ಮೊಣಕಾಲವರೆಗೆ ಬಿಳಿ ವಸ್ತ್ರ ಹೊದಿಸುತ್ತಾರೆ. ಬಂಗಾರದ ತಟ್ಟೆಯಲ್ಲಿ ಬಡಿಸುತ್ತಾರೆ. ತೊಡೆಯ ಮೇಲಿನ ಬಟ್ಟೆ ಇಂಗ್ಲಿಷರು ಕಲಿಸಿದ್ದೆನ್ನುವವರು ಇದನ್ನೊಮ್ಮೆ ಓದಬೇಕು.

ಅರಮನೆಯ ಬಂಗಾರ ಅರಮನೆಯಲ್ಲೇ ಉಳಿಯಿತು. ನಮ್ಮ ಮನೆಗಳಿಗೆ ಊಟದ ರೀತಿ ಬಂದದ್ದು ಅನ್ನವನ್ನು ಪ್ರಸಾದವೆಂದ ಶರಣರಿಂದ. ಪ್ರಸಾದ ನೆಲದ ಮೇಲಿರಬಾರದು, ಅದಕ್ಕೇ ಗಂಗಾಳದಡಿಗೆ ಅಡ್ಡಣಿಗೆ. ಒಂದಗಳೂ ಹಾಳಾಗಬಾರದು, ಅದಕ್ಕೇ ಉಂಡ ಗಂಗಾಳ ತೊಳೆದ ನೀರನ್ನೂ ಕುಡಿಯುತ್ತಿದ್ದರು.

ನಮ್ಮ ಮನೆಯಲ್ಲಿ ಲಿಂಗಪೂಜೆ ಮುಗಿಸಿ ಬಂದ ನನ್ನ ಅಜ್ಜನಿಗೆ ದಿನವೂ ಅಡ್ಡಣಿಗೆ ಇಡುತ್ತಿದ್ದರು. ಬೀಗರು ಬಂದರೆ ಓಣಿಯವರ ಮನೆಯಿಂದಲೂ ಅಡ್ಡಣಿಗೆ ಬರುತ್ತಿದ್ದವು. ಕಂಬಳಿ ಹಾಸಿ, ಪಕ್ಕಕ್ಕೆ ನೀರಿನ ತಂಬಿಗೆ ಇಡುತ್ತಿದ್ದರು. ಮದುವೆಗೆ ಸಾಲು ಪಂಕ್ತಿ, ಮುತ್ತಲ ಎಲೆಯ ಪತ್ರಾವಳಿ. ಎಳ್ಳ ಅಮಾವಾಸ್ಯೆಗೆ ಭೂತಾಯಿಗೆ ಚರಗ ಚೆಲ್ಲಿ ಹೊಲದಲ್ಲಿ ಕೂತರೆ ಅಂಗೈ ಮೇಲಿನ ಸಜ್ಜಿ ರೊಟ್ಟಿಯೇ ತಾಟು. ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲ ಅದರ ಮೇಲೆ. ಕಡೆಗೆ ತಾಟೂ ಹೊಟ್ಟೆಗೆ.

ಈಗ ನಮ್ಮ ಕಡೆಯ ಮದುವೆಗಳಿಗೂ ಬಫೆ ಬಂದಿದೆ. ಟೇಬಲ್ಲಿಗೆ ನನ್ನ ತಕರಾರಿಲ್ಲ, ಮೊಣಕಾಲು ಹಿಡಿದವರಿಗೆ ಅದು ಬೇಕು. ಆದರೆ ತಾಟು ಹಿಡಿದು ಸಾಲಿನಲ್ಲಿ ನಿಂತ ಹಿರಿಯರನ್ನು ಕಂಡಾಗ ಸಂಕಟವಾಗುತ್ತದೆ. “ಇನ್ನೊಂದ್ ಹೋಳಿಗಿ ಹಾಕಿಸ್ಕೋರಿ” ಎಂದು ಬಾಗಿ ಬಡಿಸುತ್ತಿದ್ದ ಕೈ ಎಲ್ಲಿ ಹೋಯಿತು?

ಪೂರ್ತಿ ಹೋಗಿಲ್ಲ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಗೆ ಬನ್ನಿ. ರೊಟ್ಟಿ, ಕರಿಂಡಿಯನ್ನು ಎಲ್ಲ ಜಾತಿಯವರೂ ಕೂಡಿ ಉಣ್ಣುತ್ತಾರೆ.

ನಿಮ್ಮ ಅಟ್ಟದಲ್ಲೂ ಅಡ್ಡಣಿಗೆ ಇದ್ದೀತು. ಗುಜರಿಗೆ ಹಾಕಬೇಡಿ. ಮುಂದಿನ ಹಬ್ಬಕ್ಕೆ ಇಳಿಸಿ, ಮನೆಯ ಹಿರಿಯರನ್ನು ಕೂಡಿಸಿ, ನೀವೇ ಬಡಿಸಿ.