ಮೋರೇರ ಮನೆಯ ಕುಳ್ಳರು ಎಲ್ಲಿ ಹೋದರು?

ಶಹಾಪುರದ ಬೆಟ್ಟವನ್ನು ದೂರದಿಂದ ನೋಡಿದರೆ ಆಕಾಶಕ್ಕೆ ಮುಖ ಮಾಡಿ ಮಲಗಿದ ಮನುಷ್ಯನಂತೆ ಕಾಣುತ್ತದೆ. ಮಲಗಿದ ಬುದ್ಧನೆಂದೇ ಅದಕ್ಕೆ ಹೆಸರು. ಬಸ್ಸಿನ ಕಿಟಕಿಗೆ ಮುಖವಿಟ್ಟ ಐದು ವರ್ಷದ ಮಗು ‘ಅಂವ ಯಾವಾಗ ಏಳ್ತಾನ?’ ಎಂದು ಕೇಳುತ್ತದೆ. ಹದಿನೈದರ ಅಕ್ಕ ಮೊಬೈಲಿನಿಂದ ತಲೆ ಎತ್ತದೆಯೇ ‘ಅದು ಕಲ್ಲು, ಸುಮ್ಮನಿರು’ ಎನ್ನುತ್ತಾಳೆ. ಹತ್ತು ವರ್ಷಗಳ ಹಿಂದೆ ಅವಳೂ ಇದನ್ನೇ ಕೇಳಿರಬಹುದಲ್ಲವೇ?

ಎಲ್ಲದಕ್ಕೂ ವಿದೇಶಿ ಸಿನಿಮಾಗಳೇ ಕಾರಣವೆಂದು ದೂರುವುದು ಸುಲಭ. 2001ರಲ್ಲಿ ಹ್ಯಾರಿ ಪಾಟರ್ ಬಂತು, ಅದೇ ವರ್ಷ ‘ಲಾರ್ಡ್ ಆಫ್ ದಿ ರಿಂಗ್ಸ್’ ಸರಣಿಯೂ ಆರಂಭವಾಯಿತು. ಹಿಂದಿ ಮಾತು ಜೋಡಿಸಿಕೊಂಡು ಅವು ನಮ್ಮ ಮನೆಗಳ ಟಿವಿಯೊಳಗೂ ಬಂದವು. ಆದರೆ ಬಾಲ್ಯ ಕಳೆದುಹೋಗುವ ದುಃಖವನ್ನು ಇಂಥ ಸಿನಿಮಾಗಳೇ ಹೇಳುತ್ತವೆ. 2008ರ ನಾರ್ನಿಯಾ ಚಿತ್ರದಲ್ಲಿ ಪೀಟರ್ ಮತ್ತು ಸೂಸನ್‌ಗೆ ‘ನೀವು ದೊಡ್ಡವರಾದಿರಿ, ಇನ್ನು ಇಲ್ಲಿಗೆ ಬರಲಾಗದು’ ಎಂಬ ಮಾತು ಸಿಗುತ್ತದೆ. 1988ರಲ್ಲಿ ಜಪಾನಿನ ಮಿಯಾಜಾಕಿ ತೆಗೆದ ‘ಟೊಟೊರೊ’ದಲ್ಲಿ ಕಾಡಿನ ಆ ದೊಡ್ಡ ಜೀವಿ ಪುಟ್ಟ ಅಕ್ಕತಂಗಿಯರಿಗೆ ಕಾಣುತ್ತದೆ, ಅಪ್ಪನಿಗೆ ಕಾಣುವುದಿಲ್ಲ.

ಸಿನಿಮಾದ ಹಾಬಿಟ್ ಎಂಬ ಕುಳ್ಳರನ್ನು ನೋಡಿ ಬೆರಗಾಗುವ ನಮ್ಮ ಮಕ್ಕಳಿಗೆ ಸುರಪುರ ಸೀಮೆಯ ರಾಜನಕೋಳೂರು ಗೊತ್ತಿಲ್ಲ. ಅಲ್ಲಿ ಚಪ್ಪಡಿಗಲ್ಲುಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಕೋಣೆಗಳಿವೆ. ಉತ್ತರ ಕರ್ನಾಟಕದಲ್ಲಿ ಇಂಥವನ್ನು ಮೋರೇರ ಮನೆ ಎನ್ನುತ್ತಾರೆ. ಗೇಣುದ್ದದ ಕುಳ್ಳರು ಅಲ್ಲಿ ವಾಸವಾಗಿದ್ದರಂತೆ! ಅವು ಎರಡು ಸಾವಿರ ವರ್ಷಕ್ಕೂ ಹಳೆಯ ಗೋರಿಗಳೆಂದು ಪುರಾತತ್ವ ತಜ್ಞರು ಹೇಳುತ್ತಾರೆ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಂತೂ ನೂರಾರು ಗುಂಡುಗಲ್ಲುಗಳನ್ನು ಸಾಲುಸಾಲಾಗಿ ಜೋಡಿಸಿಟ್ಟಿದ್ದಾರೆ. 1840ರ ದಶಕದಲ್ಲಿ ಬಾಲಕ ರಾಜನ ಆಡಳಿತ ನೋಡಿಕೊಳ್ಳಲು ಸುರಪುರಕ್ಕೆ ಬಂದ ಮೆಡೋಸ್ ಟೇಲರ್ ಈ ಸೀಮೆಯ ಇಂಥ ಕಲ್ಲುಗಳ ಕುರಿತು ಬರೆದ. ಅವನು ಕಾದಂಬರಿಕಾರನೂ ಹೌದು. ಅವನ ಬಂಗಲೆ ‘ಟೇಲರ್ ಮಂಜಿಲ್’ ಸುರಪುರದಲ್ಲಿದೆ.

ನಮ್ಮ ದಖನಿ ಮನೆಗಳಿಗೂ ಕಲ್ಪನೆಯ ಬಡತನವಿರಲಿಲ್ಲ. ಬಿಜಾಪುರದ ಆಸ್ಥಾನ ಕವಿ ನುಸ್ರತಿ 1657ರಲ್ಲಿ ‘ಗುಲ್ಶನೆ ಇಶ್ಕ್’ ಬರೆದ. ಅದರಲ್ಲಿ ಪರಿಗಳಿದ್ದಾರೆ, ಮಾಯೆಯಿದೆ. ಅಮೀರ್ ಹಂಝಾರ ದಾಸ್ತಾನಿಗೆ ಅಕ್ಬರ್ ಬಾದಶಾಹ ಸುಮಾರು 1400 ದೊಡ್ಡ ಚಿತ್ರಗಳನ್ನು ಬರೆಸಿದ. ನಮ್ಮ ನಾನಿ, ದಾದಿಯರು ಇವನ್ನು ಓದಿದವರಲ್ಲ. ಆದರೂ ತೊಗರಿ ಹಸನು ಮಾಡುತ್ತಾ ಹೇಳಿದ ಕಥೆಗಳಲ್ಲಿ ಪರಿಯೂ ಬರುತ್ತಿದ್ದಳು, ದೇವ್ ಎಂಬ ರಾಕ್ಷಸನೂ ಬರುತ್ತಿದ್ದ. (ಮಕ್ಕಳನ್ನು ಹೆದರಿಸಿ ಮಲಗಿಸಲು ಹೇಳುವ ದೆವ್ವದ ಕಥೆ ಬೇರೆ, ಅದನ್ನು ನಾನು ಮೆಚ್ಚುವುದಿಲ್ಲ.) ಕಥೆ ಕೇಳಿದ ನಾಲ್ಕು ಮಕ್ಕಳ ತಲೆಯಲ್ಲಿ ನಾಲ್ಕು ಬಗೆಯ ದೇವ್ ಹುಟ್ಟುತ್ತಿದ್ದ. ಪರದೆಯ ದೇವ್‌ಗೆ ಮಾತ್ರ ಯಾದಗಿರಿಯಲ್ಲೂ ಲಂಡನ್ನಿನಲ್ಲೂ ಒಂದೇ ಮುಖ.

ಬೆಳೆದಂತೆ ಕಲ್ಪನೆ ಸಾಯುತ್ತದೆಯೇ? ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ ಹಾಗೆ ಭಾವಿಸಲಿಲ್ಲ. ಅಂಗಳದ ಆಟ ಮನಸ್ಸಿನೊಳಗೆ ಸೇರಿಕೊಳ್ಳುತ್ತದೆ, ಹಗಲುಗನಸಾಗುತ್ತದೆ ಎಂದರು. ಆದರೆ ಒಳಗಿನ ಆಟಕ್ಕೂ ಮೇವು ಬೇಕು. ಪುಸ್ತಕ ಬೇಕು, ಶಾಲೆ ಬೇಕು, ಒಂದಿಷ್ಟು ಬಿಡುವು ಬೇಕು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಸುಮಾರು 52 ಶೇಕಡಾ, ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳಲ್ಲಿ ಅದು ಸುಮಾರು 41 ಮಾತ್ರ. ಸಹೋದರಿಯರೇ, ಹನ್ನೆರಡು ತುಂಬಿದ ಮಗಳಿಗೆ ‘ನೀನೀಗ ದೊಡ್ಡವಳು’ ಎಂದು ನಾವೇ ಹೇಳುತ್ತೇವೆ. ಅಂದೇ ಗೊಂಬೆ ಅಟ್ಟ ಸೇರುತ್ತದೆ, ಕೈಗೆ ಪೊರಕೆ ಬರುತ್ತದೆ. ಹದಿನಾಲ್ಕರ ಅಣ್ಣ ಮಾತ್ರ ಇನ್ನೂ ಬೀದಿಯಲ್ಲಿ ಆಡುತ್ತಿರುತ್ತಾನೆ! ಶಾಲೆಯೂ ಬಿಟ್ಟುಹೋದರೆ ಅವಳ ಆಟ ಹೊರಗೂ ಇಲ್ಲ, ಒಳಗೂ ಇಲ್ಲ. ಇದನ್ನು ಯಾವ ಹ್ಯಾರಿ ಪಾಟರನೂ ಮಾಡಿದ್ದಲ್ಲ.

ಆದರೂ ರಾತ್ರಿ ತಮ್ಮನನ್ನು ಮಲಗಿಸುವ ಕೆಲಸ ಅವಳದೇ. ಒಮ್ಮೆ ಬಾಗಿಲ ಹೊರಗೆ ನಿಂತು ಕೇಳಿ. ನಾನಿಯ ದೇವ್ ಅಲ್ಲಿ ಮಾಟಗಾತಿಯ ಪೊರಕೆ ಏರಿ ಹಾರುತ್ತಿರುತ್ತಾನೆ, ಶಹಾಪುರದ ಬೆಟ್ಟದ ಮೂಗಿನ ಮೇಲೆ ಇಳಿಯುತ್ತಿರುತ್ತಾನೆ. ತಮ್ಮನಿಗೆ ನಿದ್ದೆ ಬಂದಿದ್ದರೂ ಅವಳು ಕಥೆ ನಿಲ್ಲಿಸಿರುವುದಿಲ್ಲ.