ಇಂಗ್ಲಿಷ್ ವಾಕ್ಯವನ್ನು ಗುರುತಿಸುವ ಬಗೆ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ತೆರಕಣಾಂಬಿ ಸಿಕ್ಕುತ್ತದೆ. ಅಲ್ಲಿನ ಸಂತೆಗೆ ಹೋಗಿಬಂದ ರೈತನೊಬ್ಬನ ವಿಷಯವನ್ನು ಕನ್ನಡದಲ್ಲಿ ಹೀಗೆ ಹೇಳಬಹುದು: “ರೈತನು ಸಂತೆಗೆ ಹೋಗಿ, ಎತ್ತು ಕೊಂಡು, ಮನೆಗೆ ಬಂದು, ಉಂಡು ಮಲಗಿದನು.” ಕೆಲಸಗಳು ಐದು. ಆದರೆ ವಾಕ್ಯವನ್ನು ಮುಗಿಸುವ ಅಧಿಕಾರವಿರುವುದು ಕೊನೆಯ ‘ಮಲಗಿದನು’ ಎಂಬ ಒಂದೇ ಪದಕ್ಕೆ. ಕರ್ತೃವನ್ನು ಬದಲಾಯಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ‘ನಾನು’ ಎಂದರೆ ‘ಮಲಗಿದೆನು’, ‘ಅವಳು’ ಎಂದರೆ ‘ಮಲಗಿದಳು’. ಹೋಗಿ, ಕೊಂಡು, ಬಂದು, ಉಂಡು ಎಂಬ ನಾಲ್ಕು ಮಾತ್ರ ಯಾರು ಬಂದರೂ ಹೋದರೂ ಅಲುಗಾಡುವುದಿಲ್ಲ. ಮೊದಲನೆಯದು ಪೂರ್ಣಕ್ರಿಯೆ, ಉಳಿದವು ಅಪೂರ್ಣಕ್ರಿಯೆಗಳು. ಆ ಸೀಮೆಯ ಆಡುಮಾತಿನ “ಸಂತ್ಗೋಗ್ಬುಟ್ಟು ಬತ್ತೀನಿ” ಎಂಬಲ್ಲಿಯೂ ನಡೆಯುವುದು ಇದೇ ನಿಯಮ.

ಈಗ ಇದೇ ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳೋಣ: “ದಿ ಫಾರ್ಮರ್ ವೆಂಟ್ ಟು ದಿ ಮಾರ್ಕೆಟ್, ಬಾಟ್ ಅ ಬುಲಕ್, ಕೇಮ್ ಹೋಮ್, ಏಟ್ ಅಂಡ್ ಸ್ಲೆಪ್ಟ್.” ಇಲ್ಲಿ ಐದೂ ಪೂರ್ಣಕ್ರಿಯೆಗಳೇ! ‘ಪ್ರತಿ ವಾರವೂ’ ಎಂಬ ಅರ್ಥ ಬರುವಂತೆ ತಿರುಗಿಸಿದರೆ ಗೋಸ್, ಬೈಸ್, ಕಮ್ಸ್, ಈಟ್ಸ್, ಸ್ಲೀಪ್ಸ್ ಎಂದು ಐದೂ ರೂಪ ಬದಲಿಸುತ್ತವೆ. ಕನ್ನಡದಲ್ಲಿ ಓದಿದ ಹುಡುಗನು ಇದನ್ನು “ಗೋಯಿಂಗ್ ಟು ಮಾರ್ಕೆಟ್, ಬೈಯಿಂಗ್ ಬುಲಕ್, ಕಮಿಂಗ್ ಹೋಮ್” ಎಂದು ಬರೆದಾನು. ಅವನನ್ನು ದಡ್ಡನೆಂದು ಕರೆಯುವವರುಂಟು. ವಾಸ್ತವವಾಗಿ ಅವನು ತನ್ನ ಭಾಷೆಯ ನಿಯಮವನ್ನು ಕಿಂಚಿತ್ತೂ ತಪ್ಪದೆ ಪಾಲಿಸಿದ್ದಾನೆ. ಆ ನಿಯಮ ಇಂಗ್ಲಿಷಿನದಲ್ಲ ಎಂಬುದನ್ನು ಅವನಿಗೆ ಯಾರೂ ತಿಳಿಸಿಲ್ಲ, ಅಷ್ಟೆ.

ಇಂಗ್ಲಿಷ್ ವಾಕ್ಯಗಳನ್ನು ರಚನೆಯ ದೃಷ್ಟಿಯಿಂದ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎಂದು ವಿಂಗಡಿಸುತ್ತಾರೆ. ನಮ್ಮ ಶಾಲಾ ವ್ಯಾಕರಣಗಳಲ್ಲಿ ಇವೇ ಸಾಮಾನ್ಯ, ಸಂಯೋಜಿತ, ಮಿಶ್ರ ವಾಕ್ಯಗಳು. ಈ ವಿಂಗಡಣೆ ಬಹು ಪ್ರಾಚೀನವೇನೂ ಅಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಧಿ, ನಾಮ, ಸಮಾಸ, ಆಖ್ಯಾತ ಮೊದಲಾದವುಗಳಿಗೆ ಪ್ರಕರಣಗಳನ್ನು ಮೀಸಲಿಟ್ಟನಲ್ಲದೆ ವಾಕ್ಯಭೇದಗಳಿಗೆ ಮೀಸಲಿಡಲಿಲ್ಲ. ಇಂಗ್ಲಿಷಿನಲ್ಲಿಯೂ 1795ರಲ್ಲಿ ಪ್ರಕಟವಾದ ಲಿಂಡ್ಲೆ ಮರೆಯ ವ್ಯಾಕರಣ ಹೇಳಿದ್ದು ಎರಡೇ ಬಗೆ. ಮಿಶ್ರವಾಕ್ಯವು ಬೇರೆಯಾದದ್ದು ಆಮೇಲೆ.

ಗುರುತಿಸುವುದು ಹೇಗೆ? ಉದ್ದವನ್ನು ನೋಡಿದರೆ ಮೋಸಹೋಗುತ್ತೇವೆ. “ಐ ನೋ ಹಿ ಕೇಮ್” ಎಂಬುದು ನಾಲ್ಕೇ ಪದಗಳ ಮಿಶ್ರವಾಕ್ಯ. ‘ಅಂಡ್’, ‘ಆಫ್ಟರ್’ ಮುಂತಾದ ಪದಗಳನ್ನು ಹುಡುಕುವುದು ಎಷ್ಟೋ ತರಗತಿಗಳಲ್ಲಿ ಹೇಳಿಕೊಡುವ ಉಪಾಯ. ನನಗೆ ಅದರಲ್ಲಿ ನಂಬಿಕೆಯಿಲ್ಲ. “ರಾಮ ಅಂಡ್ ಕೃಷ್ಣ ಕೇಮ್” ಎಂಬಲ್ಲಿ ‘ಅಂಡ್’ ಇದ್ದರೂ ಅದು ಸಾಮಾನ್ಯ ವಾಕ್ಯವೇ. ‘ಆಫ್ಟರ್ ದಿ ರೇನ್’ ಬರಿಯ ಪದಸಮೂಹ. ‘ಆಫ್ಟರ್ ಇಟ್ ರೇನ್ಡ್’ ಒಂದು ಉಪವಾಕ್ಯ. ಆದುದರಿಂದ ಮೊದಲು ಪೂರ್ಣಕ್ರಿಯೆಗಳನ್ನು ಎಣಿಸಬೇಕು. ಒಂದೇ ಇದ್ದರೆ ಸಾಮಾನ್ಯ ವಾಕ್ಯ. ಒಂದಕ್ಕಿಂತ ಹೆಚ್ಚಿದ್ದರೆ, ಅವು ಸರಿಸಮಾನವಾಗಿ ನಿಂತಿವೆಯೇ ಅಥವಾ ಒಂದು ಮತ್ತೊಂದನ್ನು ಆಶ್ರಯಿಸಿದೆಯೇ ಎಂದು ಕೇಳಬೇಕು. “ಇಟ್ ರೇನ್ಡ್, ಬಟ್ ದಿ ಟ್ಯಾಂಕ್ ಡಿಡ್ ನಾಟ್ ಫಿಲ್”, ಅಂದರೆ ಮಳೆ ಬಂತು, ಆದರೆ ಕೆರೆ ತುಂಬಲಿಲ್ಲ: ಎರಡೂ ಸ್ವತಂತ್ರ, ಆದ್ದರಿಂದ ಸಂಯೋಜಿತ. ಇಲ್ಲಿ ‘ಡಿಡ್’ ಮತ್ತು ‘ಫಿಲ್’ಗಳನ್ನು ಬೇರೆಬೇರೆಯಾಗಿ ಎಣಿಸಬಾರದು, ಕಾಲವನ್ನು ಹೊತ್ತಿರುವುದು ‘ಡಿಡ್’ ಒಂದೇ.

ಮಿಶ್ರವಾಕ್ಯದಲ್ಲಿಯೇ ನಮ್ಮವರು ಹೆಚ್ಚು ಎಡವುವುದು. “ಮಳೆ ಬಂದರೆ ಬಿತ್ತುತ್ತೇನೆ” ಎಂಬಲ್ಲಿ ‘ಬಂದರೆ’ ಅಪೂರ್ಣ. ಇಂಗ್ಲಿಷಿನ ‘ಇಫ್ ಇಟ್ ರೇನ್ಸ್’ ಎಂಬುದರಲ್ಲಿ ‘ರೇನ್ಸ್’ ಪೂರ್ಣ. “ಸಂತೆಯಲ್ಲಿ ಕಂಡ ಎತ್ತು” ಎನ್ನುವಾಗ ‘ಕಂಡ’ ಎಂಬ ಕೃದಂತವು ವಿಶೇಷಣದಂತೆ ಎತ್ತಿಗೆ ಅಂಟಿಕೊಳ್ಳುತ್ತದೆ. ದ್ರಾವಿಡ ಭಾಷೆಗಳ ಈ ವಿಶೇಷವನ್ನು ಕಾಲ್ಡ್‌ವೆಲ್ಲರು 1856ರಲ್ಲಿ ಪ್ರಕಟಿಸಿದ ತೌಲನಿಕ ವ್ಯಾಕರಣದಲ್ಲಿ ಚರ್ಚಿಸಿದ್ದಾರೆ. ಇಂಗ್ಲಿಷಿಗಾದರೋ ಎರಡು ದಾರಿಗಳುಂಟು. “ದಿ ಬುಲಕ್ ಹಿ ಬಾಟ್ ಅಟ್ ತೆರಕಣಾಂಬಿ ಈಸ್ ಲೇಮ್” ಎಂಬುದು ಮಿಶ್ರವಾಕ್ಯ. ನಡುವಿನ ‘ಹಿ’ ಎಂಬುದೊಂದನ್ನು ತೆಗೆದುಬಿಡಿ: “ದಿ ಬುಲಕ್ ಬಾಟ್ ಅಟ್ ತೆರಕಣಾಂಬಿ ಈಸ್ ಲೇಮ್.” ಈಗ ಅದು ಸಾಮಾನ್ಯ ವಾಕ್ಯ! ಎತ್ತು ಅದೇ, ಕುಂಟೂ ಅದೇ. ‘ಬಾಟ್’ ಎಂಬ ಪದವೂ ಕಿವಿಗೆ ಅದೇ. ಹಾಗಾದರೆ ವ್ಯತ್ಯಾಸವನ್ನು ಕಾಣುವುದೆಂತು? ರಸಾಯನಶಾಸ್ತ್ರಜ್ಞನು ದ್ರವಕ್ಕೆ ಲಿಟ್ಮಸ್ ಅದ್ದುವಂತೆ ಇಲ್ಲಿ ಬೇರೊಂದು ಕ್ರಿಯೆಯನ್ನು ಅದ್ದಿ ನೋಡಬೇಕು. ‘ಬಾಟ್’ ಇದ್ದ ಜಾಗದಲ್ಲಿ ‘ಸೀ’ ಧಾತುವನ್ನು ಇಟ್ಟರೆ ಮೊದಲ ವಾಕ್ಯ ‘ಸಾ’ ಎಂಬ ರೂಪವನ್ನು ಬಯಸುತ್ತದೆ, ಎರಡನೆಯದು ‘ಸೀನ್’ ಎಂಬುದನ್ನು. ‘ಸಾ’ ಪೂರ್ಣ, ‘ಸೀನ್’ ಕೃದಂತ.

ಪೂರ್ಣಕ್ರಿಯೆಯು ಕರ್ತೃವನ್ನು ಅನುಸರಿಸಿಯೇ ಬದಲಾಗಬೇಕೆಂಬ ನಿಯಮವೇನೂ ಇಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಅಂಚಿನಲ್ಲಿ ಸಾಗಿ ವಯನಾಡನ್ನು ಹೊಕ್ಕರೆ, ಅಲ್ಲಿನ ಮಲೆಯಾಳದಲ್ಲಿ ಞಾನ್ ವನ್ನು, ಅವನ್ ವನ್ನು, ಅವಳ್ ವನ್ನು ಎನ್ನುತ್ತಾರೆ. ನಾನು, ಅವನು, ಅವಳು ಎಲ್ಲರಿಗೂ ‘ವನ್ನು’ ಒಂದೇ. ಇಂಗ್ಲಿಷಿನ ‘ಕೇಮ್’ ಇದ್ದಂತೆ. ಒಂದು ಗಡಿಯನ್ನು ದಾಟುವಷ್ಟರಲ್ಲಿ ಕನ್ನಡದ ಪರೀಕ್ಷೆ ಕೈಕೊಡುತ್ತದೆ. ಆದುದರಿಂದಲೇ ಇಂಗ್ಲಿಷಿಗೆ ಇಂಗ್ಲಿಷಿನದೇ ಪರೀಕ್ಷೆ ಬೇಕು.

ಇನ್ನು, ಸಂತೆಯಿಂದ ಬಂದು ಮಲಗಿದ ರೈತನ ಇಂಗ್ಲಿಷ್ ವಾಕ್ಯ ಯಾವ ಬಗೆಯದು? ಇಲ್ಲಿ ಪಂಡಿತರೇ ಒಮ್ಮತಕ್ಕೆ ಬಂದಿಲ್ಲ. ಪೂರ್ಣಕ್ರಿಯೆಗಳು ಐದಿದ್ದರೂ ಕರ್ತೃ ಒಬ್ಬನೇ. ಪ್ರತಿಯೊಂದು ಕ್ರಿಯೆಯ ಹಿಂದೆಯೂ ‘ಹಿ’ ಎಂಬುದು ಅಧ್ಯಾಹಾರವಾಗಿದೆ ಎಂದು ತಿಳಿದು ಅದನ್ನು ಸಂಕ್ಷೇಪಗೊಂಡ ಸಂಯೋಜಿತ ವಾಕ್ಯವೆನ್ನುವವರು ಒಂದು ಪಕ್ಷ. ಕರ್ತೃ ಒಂದೇ ಆದ್ದರಿಂದ ಅದು ಹಲವು ಕ್ರಿಯೆಗಳುಳ್ಳ ಸಾಮಾನ್ಯ ವಾಕ್ಯವೆಂಬುದು ಅಮೆರಿಕದ ಅನೇಕ ಪುಸ್ತಕಗಳ ಮತ. ಮೊದಲನೆಯದು ನನಗೆ ಒಪ್ಪಿಗೆ. ಎಣಿಕೆಯ ಸೂತ್ರ ಅದರಲ್ಲಿ ಕೆಡುವುದಿಲ್ಲ. ಪರೀಕ್ಷೆಗೆ ಕೂರುವ ವಿದ್ಯಾರ್ಥಿಯು ತನ್ನ ಪಠ್ಯಪುಸ್ತಕ ಯಾವ ಪಕ್ಷದ್ದೆಂಬುದನ್ನು ಮೊದಲು ನೋಡಿಕೊಂಡು, ಉತ್ತರದ ಪಕ್ಕದಲ್ಲಿ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯುವುದು ಲೇಸು.