ಛತ್ರದವನ ಸ್ವಾತಂತ್ರ್ಯ: ಸರಕಾರದ ಹಣವೂ ಪರಿಹಾರ ಸೇವೆಯೂ

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಸಮಾರ್ಯದವನನ್ನು ಕುರಿತು ನಾವು ಬೇಕಾದಷ್ಟು ಪ್ರಸಂಗಗಳನ್ನು ಕೇಳಿದ್ದೇವೆ. ಛತ್ರದವನನ್ನು ಕುರಿತು ಕೇಳಿದ್ದು ಕಡಿಮೆ. ಇಂದಿನ ಪರಿಹಾರ ಸಂಸ್ಥೆಗಳ ಸ್ಥಿತಿ ಬಹುಮಟ್ಟಿಗೆ ಛತ್ರದವನದೇ. ಹಣ ಬೇರೊಬ್ಬರದು, ಆರೈಕೆ ಇವರದು. ಹಣ ಕೊಡುವವರು ಸರಕಾರವಾದಾಗ ಯಾರನ್ನು, ಎಲ್ಲಿ, ಹೇಗೆ ಆರೈಕೆ ಮಾಡಬೇಕೆಂಬ ತೀರ್ಮಾನ ಯಾರದು?

ಸರಕಾರಗಳು ಇದಕ್ಕೆ 'ನೀತಿ ಸಾಮಂಜಸ್ಯ'ದ ತತ್ತ್ವವನ್ನು ಮುಂದಿಡುತ್ತವೆ. ವಿದೇಶಾಂಗ ನೀತಿ, ರಕ್ಷಣೆ, ಅಭಿವೃದ್ಧಿ, ಪರಿಹಾರ ಇವು ಒಂದನ್ನೊಂದು ಕೆಡಿಸದೆ ಒಂದೇ ದಿಕ್ಕಿಗೆ ಸಾಗಬೇಕೆಂಬುದು ಅದರ ತಾತ್ಪರ್ಯ. ಇದನ್ನು ಕುಟಿಲವೆಂದು ತಳ್ಳಿಹಾಕಲಾಗದು. 1994ರ ರುವಾಂಡಾ ನರಮೇಧದ ಬಳಿಕ ಗೋಮಾದ ನಿರಾಶ್ರಿತರ ಶಿಬಿರಗಳು ಹಂತಕರ ಹಿಡಿತಕ್ಕೆ ಸಿಕ್ಕವು. ಅಲ್ಲಿ ಹಂಚಿದ ಆಹಾರ ಅವರ ಬಲವನ್ನೇ ಹೆಚ್ಚಿಸಿತು. ರಾಜಕೀಯ ಕ್ರಮದ ಸ್ಥಾನವನ್ನು ಪರಿಹಾರ ಕಾರ್ಯವು ತುಂಬಲಾರದೆಂದು, ಅನೇಕ ದೇಶಗಳು ಸೇರಿ ನಡೆಸಿ 1996ರಲ್ಲಿ ಪ್ರಕಟಿಸಿದ ಮೌಲ್ಯಮಾಪನವು ತೀರ್ಮಾನಿಸಿತು.

ಈ ತೀರ್ಮಾನದಿಂದ ಎರಡು ದಾರಿಗಳು ಕವಲೊಡೆಯುತ್ತವೆ. ರಾಜಕೀಯ ಹೊಣೆಯನ್ನು ಸರಕಾರಗಳು ತಾವೇ ಹೊರಬೇಕೆಂಬುದು ಒಂದು. ಪರಿಹಾರವನ್ನೂ ರಾಜಕೀಯದ ಸಾಧನವಾಗಿಸಬೇಕೆಂಬುದು ಇನ್ನೊಂದು. ಅಫ್ಘಾನಿಸ್ತಾನದಲ್ಲಿ ನಡೆದದ್ದು ಎರಡನೆಯದು. 2001ರ ಅಕ್ಟೋಬರ್‌ನಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಅವರು ಸ್ವಯಂಸೇವಾ ಸಂಸ್ಥೆಗಳನ್ನು ತಮ್ಮ ಪಡೆಯ ಬಲವನ್ನು ವೃದ್ಧಿಸುವ ಶಕ್ತಿಯೆಂದು ಬಣ್ಣಿಸಿದರು. ಅದು ಹೊಗಳಿಕೆಯೇ ಆಗಿತ್ತೆಂಬುದು ಗಮನಾರ್ಹ. 2004ರಲ್ಲಿ ಸಮ್ಮಿಶ್ರ ಪಡೆಗಳು ದಕ್ಷಿಣ ಭಾಗದಲ್ಲಿ ಹಂಚಿದ ಕರಪತ್ರಗಳು, ನೆರವು ಮುಂದುವರಿಯಬೇಕಾದರೆ ತಾಲಿಬಾನಿನ ಸುಳಿವು ಕೊಡಬೇಕೆಂದು ಜನರಿಗೆ ತಿಳಿಸಿದವು. ಅದೇ ವರ್ಷ ಜೂನ್ 2ರಂದು ಬಾದ್ಗಿಸ್ ಪ್ರಾಂತದಲ್ಲಿ 'ಗಡಿಯಿಲ್ಲದ ವೈದ್ಯರು' (ಎಂ.ಎಸ್.ಎಫ್.) ಸಂಸ್ಥೆಯ ಐವರು ಕೊಲೆಯಾದರು, ಸಂಸ್ಥೆಯು ದೇಶವನ್ನೇ ತೊರೆಯಿತು. ಕರಪತ್ರವೇ ಕೊಲೆಗೆ ಕಾರಣವೆನ್ನಲಾಗದು. ಆದರೆ ಗಾಯ ಕಟ್ಟುವ ಕೈಯೂ ಬಂದೂಕು ಹಿಡಿದ ಕೈಯೂ ಒಂದೇ ಪಕ್ಷದವೆಂದು ಸಾರಿದ ಮೇಲೆ, ಮೊದಲನೆಯ ಕೈಗೆ ರಕ್ಷಣೆ ಎಲ್ಲಿಂದ ಬಂದೀತು?

ಪರಿಹಾರವು ಬಿಕ್ಕಟ್ಟು ನಿರ್ವಹಣೆಯ ಸಾಧನವಲ್ಲವೆಂದು ಯುರೋಪಿಯನ್ ಒಕ್ಕೂಟವು 2007ರಲ್ಲಿ ಲಿಖಿತವಾಗಿ ಒಪ್ಪಿಕೊಂಡಿತು. ಆದರೂ 2016ರ ಮಾರ್ಚ್‌ನಲ್ಲಿ ವಲಸಿಗರನ್ನು ತಡೆಯಲು ಟರ್ಕಿಯೊಡನೆ ಅದು ಮಾಡಿಕೊಂಡ ಒಪ್ಪಂದದಲ್ಲಿ ನಿರಾಶ್ರಿತರ ನೆರವಿನ ಹಣವೂ ಸೇರಿತ್ತು. ಇದನ್ನು ಪ್ರತಿಭಟಿಸಿ ಎಂ.ಎಸ್.ಎಫ್. ಸಂಸ್ಥೆಯು ಒಕ್ಕೂಟದಿಂದಲೂ ಅದರ ಸದಸ್ಯ ರಾಷ್ಟ್ರಗಳಿಂದಲೂ ಹಣ ಪಡೆಯುವುದನ್ನು ಅದೇ ಜೂನ್‌ನಲ್ಲಿ ನಿಲ್ಲಿಸಿತು. ಹಿಂದಿನ ವರ್ಷ ಅವುಗಳಿಂದ ಬಂದ ಮೊತ್ತ ಸುಮಾರು 5.6 ಕೋಟಿ ಯೂರೊ. ಬಹುಪಾಲು ಖಾಸಗಿ ದೇಣಿಗೆಯಿಂದ ನಡೆಯುವ ಸಂಸ್ಥೆಗೆ ಇದು ಸಾಧ್ಯವಾಯಿತು. ಅನುದಾನವನ್ನೇ ನಂಬಿರುವ ಸಭೆಯ ಸಂಸ್ಥೆಗಳಿಗೆ ಅಷ್ಟು ಸುಲಭವಲ್ಲ. ಅನುದಾನವನ್ನು ತಿರಸ್ಕರಿಸಿದರೆ ಹಸಿಯುವವರು ನಿರ್ದೇಶಕರಲ್ಲ.

ಪರಿಹಾರ ಕಾರ್ಯಕ್ಕಾಗಿ 1994ರಲ್ಲಿ ರೂಪಿತವಾದ ನೀತಿಸಂಹಿತೆಯ ಪ್ರಾಯೋಜಕರಲ್ಲಿ ಕ್ಯಾರಿಟಾಸ್, ಲೂಥರನ್ ವಿಶ್ವ ಒಕ್ಕೂಟ, ಸಭೆಗಳ ವಿಶ್ವ ಮಂಡಳಿ ಸೇರಿದ್ದವು. ಸರಕಾರಗಳ ವಿದೇಶಾಂಗ ನೀತಿಯ ಉಪಕರಣಗಳಾಗದಿರಲು ಪ್ರಯತ್ನಿಸುವೆವೆಂಬುದು ಅದರ ನಾಲ್ಕನೆಯ ವಿಧಿ. 'ಪ್ರಯತ್ನಿಸುವೆವು' ಎಂಬಲ್ಲಿ ಎಷ್ಟು ಚೌಕಾಸಿ ಅಡಗಿದೆಯೋ! ಅದಕ್ಕೂ ಮೊದಲಿನ, ನಮಗೆ ಅಷ್ಟು ಪ್ರಿಯವಲ್ಲದ ಮೂರನೆಯ ವಿಧಿಯು, ನೆರವನ್ನು ಯಾವುದೇ ರಾಜಕೀಯ ಅಥವಾ ಧಾರ್ಮಿಕ ನಿಲುವಿನ ಪ್ರಸಾರಕ್ಕೆ ಬಳಸಬಾರದೆನ್ನುತ್ತದೆ. ಸಮಾರ್ಯದವನು ಎರಡು ನಾಣ್ಯಗಳ ಜೊತೆಗೆ ಕೊಟ್ಟ ಆದೇಶ ಒಂದೇ: ಆರೈಕೆ. ಗಾಯಾಳು ಯಾವ ಬೆಟ್ಟದ ಮೇಲೆ ಆರಾಧಿಸುತ್ತಾನೆಂದು ವಿಚಾರಿಸುವ ಕೆಲಸವನ್ನು ಅವನು ಛತ್ರದವನಿಗೆ ಒಪ್ಪಿಸಲಿಲ್ಲ.